'ಏನಿಲ್ಲ, ಮನೇಲಿರ್ತಾಳೆ'

ಇವತ್ತು ನಾನು ಯಾವ ಹಗರಣದ ಬಗ್ಗೆಯೂ ಮಾತಾಡೋದಿಲ್ಲ. ಯಾವ ಮಂತ್ರಿಯ ರಾಜೀನಾಮೆಯನ್ನೂ ಕೇಳೋದಿಲ್ಲ. ಕೆಳಗೆ ಬ್ರೇಕಿಂಗ್ ನ್ಯೂಸ್ ಪಟ್ಟಿ ಓಡ್ತಾ ಇರುತ್ತೆ, ಓಡಲಿ. ಇವತ್ತು ನಾನು ಮಾತಾಡೋದು ಒಂದೇ ಒಂದು ಪದದ ಬಗ್ಗೆ. ನಿಮ್ಮ ಮನೇಲೂ ಇರೋ ಪದ, ನಮ್ಮ ಮನೇಲೂ ಇರೋ ಪದ. ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತೆ, ಯಾರೂ ಗಮನಿಸೋದಿಲ್ಲ. ಆ ಪದ 'ಏನಿಲ್ಲ'.

ಹೋದ ವಾರ ಗದಗ ಜಿಲ್ಲೆಯ ಒಂದು ಊರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ರು. ವಯಸ್ಸು 52. ನನ್ನ ಹೆಸರು, ಊರು ಎರಡೂ ಹೇಳಬೇಡಿ ಅಂತ ಕೇಳಿಕೊಂಡಿದ್ದಾರೆ, ಹೇಳೋದಿಲ್ಲ. ನಮ್ಮ ಕಚೇರಿಗೆ ಬರೋ ಫೋನ್‌ಗಳೆಲ್ಲ ಸಾಮಾನ್ಯವಾಗಿ ದೂರಿನ ಫೋನ್‌ಗಳು. ನಲ್ಲೀಲಿ ನೀರು ಬಂದಿಲ್ಲ, ರಸ್ತೆ ಕಿತ್ತುಹೋಗಿದೆ, ಪಿಂಚಣಿ ನಿಂತುಹೋಗಿದೆ. ಇದೂ ಹಾಗೇ ಇರಬಹುದು ಅಂದುಕೊಂಡು "ಹೇಳಿ ಅಮ್ಮ, ಏನು ಸಮಸ್ಯೆ?" ಅಂದೆ. ಅವರು ಹೇಳಿದ್ರು: "ಸರ್, ನಾ ತಕರಾರು ಹೇಳಾಕ ಫೋನ್ ಮಾಡಿಲ್ರೀ. ಒಂದು ಮಾತು ಕೇಳಬೇಕಿತ್ತು, ಅಷ್ಟ."

ಅವರ ಯಜಮಾನರು ಸರ್ಕಾರಿ ನೌಕರರು. ಮುಂದಿನ ವರ್ಷ ನಿವೃತ್ತಿ. ನಿವೃತ್ತಿಯ ಹಣ ಬರುತ್ತಲ್ಲ, ಅದಕ್ಕೆ ಇಬ್ಬರ ಹೆಸರಲ್ಲೂ ಒಂದು ಜಂಟಿ ಖಾತೆ ಇರಲಿ ಅಂತ ಗಂಡ ಹೆಂಡತಿ ಒಂದು ಬ್ಯಾಂಕಿಗೆ ಹೋಗಿದ್ದಾರೆ. ಕೌಂಟರಿನಲ್ಲಿ ಒಬ್ಬ ಹುಡುಗ. ಅರ್ಜಿ ತುಂಬಿಸ್ತಾ ಹೋದ. ಹೆಸರು, ವಿಳಾಸ, ಆಧಾರ್ ನಂಬರ್ ಎಲ್ಲಾ ಆಯ್ತು. ಆಮೇಲೆ ಕೇಳಿದ: "ಅಮ್ಮಾರ ಉದ್ಯೋಗ ಏನ್ರೀ?" ಇವರು ಬಾಯಿ ತೆಗೆಯೋದರೊಳಗೆ ಪಕ್ಕದಲ್ಲಿ ಕೂತಿದ್ದ ಗಂಡ ಹೇಳಿದ್ರು: "ಏನಿಲ್ಲ ಬರ್ಕೋರಿ. ಮನ್ಯಾಗ ಇರ್ತಾಳ."

ಹುಡುಗ ಬರೆದುಕೊಂಡ. ಅರ್ಜಿ ತಿರುಗಿಸಿ ಮುಂದಿಟ್ಟ. ಅಮ್ಮಾರ, ಇಲ್ಲೊಂದು ಸಹಿ ಮಾಡ್ರಿ ಅಂದ. ಇವರು ಮಾಡಿದ್ರು. ಮನೆಗೆ ಬಂದ್ರು. ಅಷ್ಟೇ ಘಟನೆ.

ಇದರಲ್ಲಿ ಸುದ್ದಿ ಏನಿದೆ ಅಂತ ನೀವು ಕೇಳಬಹುದು. ಯಾರೂ ಹೊಡೀಲಿಲ್ಲ, ಯಾರೂ ಬೈಲಿಲ್ಲ. ಆ ಹೆಣ್ಣುಮಗಳೇ ಹೇಳಿದ್ರು, ಕೇಳಿ: "ನಮ್ಮ ಮನಿಯವರು ಭಾಳ ಚಲೋ ಮನುಷ್ಯಾರ್ರೀ. ಕುಡಿಯೋದಿಲ್ಲ, ಕೈ ಎತ್ತಿದವರಲ್ಲ. ಅವತ್ತು ಸಿಟ್ಟಿಲೇನೂ ಹೇಳಿಲ್ಲ. ಚಹಾಕ್ಕ ಸಕ್ರಿ ಎಷ್ಟು ಅಂತ ಕೇಳಿದ್ರ ಹೇಳ್ತಾರಲ್ಲ, ಹಂಗ ಹೇಳಿದ್ರು. ಅದಕ್ಕ ನನಗ ಚುಚ್ಚಿತ್ರೀ. ಮೂವತ್ತೆರಡು ವರ್ಷ ದುಡಿದಾಕಿ ಮುಂದ 'ಏನಿಲ್ಲ' ಅಂತ ಬರದ್ರ, ಆಕಿ ಅದರ ಕೆಳಗ ಏನಂತ ಸಹಿ ಮಾಡಬೇಕ್ರೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದಿನಾ ರಾತ್ರಿ ದೊಡ್ಡ ದೊಡ್ಡವರಿಗೆ ಪ್ರಶ್ನೆ ಕೇಳೋ ಕೆಲಸ ನನ್ನದು. ಒಬ್ಬ ಗೃಹಿಣಿ ಕೇಳಿದ ಒಂದು ಪ್ರಶ್ನೆಗೆ ನಾನು "ಸ್ವಲ್ಪ ಯೋಚನೆ ಮಾಡಿ ಹೇಳ್ತೀನಮ್ಮ" ಅಂದೆ. ಆ ಯೋಚನೆಯೇ ಇವತ್ತಿನ ಮಾತು.

ಮೊದಲು ಅವರ ಕಥೆ ಪೂರ್ತಿ ಕೇಳಿ.

ಅವರಿಗೆ ಎರಡು ಹೆಸರು. ಹುಟ್ಟಿದಾಗ ಅಜ್ಜ ಇಟ್ಟಿದ್ದು ಒಂದು ನದಿಯ ಹೆಸರು. ಶಾಲೆಯಲ್ಲಿ ಆ ಹೆಸರೇ, ಅಂಕಪಟ್ಟಿಯಲ್ಲೂ ಆ ಹೆಸರೇ. 1990ರಲ್ಲಿ ಪಿಯುಸಿ ಪಾಸಾಯ್ತು. ಬಿಎಗೆ ಸೇರಿದ್ರು. ಒಂದು ವರ್ಷ ಮುಗಿಯೋದರೊಳಗೆ ಮದುವೆ. ಮದುವೆ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅದರ ಮೇಲೆ ಸೊಸೆಯ ಹೊಸ ಹೆಸರು ಬರೆಸೋ ಪದ್ಧತಿ ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಲ್ಲಿತ್ತು. ಕೆಲವು ಕಡೆ ಈಗಲೂ ಇದೆ. ಹಾಗೆ ಅಕ್ಕಿ ಮೇಲೆ ಬರೆದದ್ದು ಒಬ್ಬ ದೇವಿಯ ಹೆಸರು. ಅವತ್ತಿನಿಂದ ರೇಷನ್ ಕಾರ್ಡಿನಲ್ಲಿ, ಓಟಿನ ಪಟ್ಟಿಯಲ್ಲಿ, ಆಮೇಲೆ ಆಧಾರ್‌ನಲ್ಲಿ, ಎಲ್ಲಾ ಕಡೆ ದೇವಿಯ ಹೆಸರೇ.

ಬೇಜಾರಾಗಲಿಲ್ವಾ ಅಂತ ಕೇಳಿದೆ. "ಆವಾಗ ಖುಷೀನ ಆಗಿತ್ರೀ, ಹೊಸಾ ಸೀರಿ, ಹೊಸಾ ಹೆಸರು" ಅಂದ್ರು. ನಗ್ತಾನೇ ಅಂದ್ರು. ಆಮೇಲೆ ಒಂದು ಮಾತು ಸೇರಿಸಿದ್ರು: "ತವರುಮನಿಗೆ ಹೋದಾಗ ಅವ್ವ ಹಳೇ ಹೆಸರು ಹಿಡದು ಕರೀತಿದ್ಲು. ಅವ್ವ ಹೋಗಿ ಒಂಬತ್ತು ವರ್ಷ ಆತು. ಈಗ ಆ ಹೆಸರಿಲೆ ಕರಿಯೋರು ಯಾರೂ ಉಳಿದಿಲ್ಲ."

ಹೊಸ ಹೆಸರಾದರೂ ಬಳಕೆಯಲ್ಲಿ ಉಳೀತಾ? ಅದೂ ಇಲ್ಲ. ಓಣಿಯಲ್ಲಿ ಇವರು ಸಾಹೇಬರ ಹೆಂಡತಿ. ಶಾಲೆಯಲ್ಲಿ ಇಂಥ ಹುಡುಗನ ತಾಯಿ. ಮನೆಯಲ್ಲಿ ಅವ್ವ, ವೈನಿ, ಚಿಗವ್ವ. ಗಂಡ ಕರೆಯೋದು "ಏ, ಕೇಳ್ತೇನ" ಅಂತ. ನಿಮ್ಮ ಬೀದಿಯಲ್ಲಿರೋ ಹೆಣ್ಣುಮಕ್ಕಳನ್ನ ಒಂದು ಸಲ ನೆನಪು ಮಾಡ್ಕೊಳ್ಳಿ. ಎದುರು ಮನೆ ಆಂಟಿ, ಮೇಲಿನ ಮನೆ ಆಂಟಿ, ಡಾಕ್ಟ್ರ ಹೆಂಡತಿ. ಇವರಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತು? ನಮ್ಮ ಹಳೇ ದಸ್ತಾವೇಜು ತೆಗೆದು ನೋಡಿ. ಗಂಡಸಿನ ಹೆಸರಿನ ಮುಂದೆ 'ಬಿನ್', ಇಂಥವರ ಮಗ. ಹೆಂಗಸಿನ ಹೆಸರಿನ ಮುಂದೆ 'ಕೋಂ', ಇಂಥವರ ಹೆಂಡತಿ. ಗಂಡಸು ಸಾಯೋವರೆಗೂ ಬಿನ್. ಹೆಂಗಸಿಗೆ ಮಾತ್ರ ಮದುವೆಯಾದ ದಿನ ಗುರುತು ಬದಲಾಗುತ್ತೆ.

ಈಗ ಆ 'ಏನಿಲ್ಲ' ಅನ್ನೋ ಉದ್ಯೋಗದಲ್ಲಿ ಅವರು ಏನೇನು ಮಾಡಿದ್ರು ಅಂತ ನೋಡೋಣ. ಗೃಹಿಣಿ ಅಂದ್ರೆ ಡಾಕ್ಟರ್, ಟೀಚರ್, ಮ್ಯಾನೇಜರ್ ಎಲ್ಲಾ ಹೌದು ಅಂತ ಮಹಿಳಾ ದಿನಾಚರಣೆಗೆ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಆ ಪಟ್ಟಿ ನಾನು ಓದೋದಿಲ್ಲ. ಒಂದೇ ಒಂದು ಉದಾಹರಣೆ ಕೊಡ್ತೀನಿ.

ಅವರ ಅತ್ತೆಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಯ್ತು. ಆರು ವರ್ಷ ಹಾಸಿಗೆಯಲ್ಲಿದ್ರು. ಹಾಸಿಗೆ ಹಿಡಿದ ರೋಗಿಯನ್ನ ಒಂದೇ ಕಡೆ ಮಲಗಿಸಿದ್ರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತೆ. ಮೂಳೆ ಇರೋ ಕಡೆ ಚರ್ಮಕ್ಕೆ ರಕ್ತ ಹರಿಯೋದು ನಿಂತು, ಚರ್ಮ ಸತ್ತು, ಕೊಳೆಯೋಕೆ ಶುರುವಾಗುತ್ತೆ. ಅದಾಗಬಾರದು ಅಂದ್ರೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು. ರಾತ್ರಿ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ. ಆರು ವರ್ಷ ಇವರು ಅಲಾರಾಂ ಇಟ್ಟುಕೊಂಡು ಎದ್ದಿದ್ದಾರೆ. ಬೆಳಿಗ್ಗೆ ಎದ್ದು ಮಕ್ಕಳಿಗೆ ಡಬ್ಬಿ ಕಟ್ಟಿದ್ದಾರೆ, ಗಂಡನಿಗೆ ರೊಟ್ಟಿ ಬಡಿದಿದ್ದಾರೆ. ಆರನೇ ವರ್ಷ ಒಬ್ಬ ಡಾಕ್ಟರ್ ಮನೆಗೆ ಬಂದು ಮುದುಕಿಯ ಬೆನ್ನು ನೋಡಿ ಕೇಳಿದ್ರಂತೆ: "ಒಂದೂ ಹುಣ್ಣಿಲ್ಲ, ಯಾವ ನರ್ಸ್ ಇಟ್ಟೀರಿ?"

ಗಂಡ ಏನು ಹೇಳಿದ್ರು ಗೊತ್ತಾ? "ನರ್ಸ್ ಯಾರೂ ಇಲ್ರೀ."

ನೋಡಿ, ಅಲ್ಲೂ ಇಲ್ಲ. ಸುಳ್ಳು ಹೇಳಲಿಲ್ಲ ಆ ಮನುಷ್ಯ. ನರ್ಸ್ ನಿಜವಾಗಿಯೂ ಇರಲಿಲ್ಲ. ಹಿಂದೆ ನಿಂತಿದ್ದ ಹೆಂಡತಿ ಮಾತ್ರ ಅವರ ಲೆಕ್ಕಕ್ಕೆ ಬರಲಿಲ್ಲ.

ಇದು ಬರೀ ಗದಗದ ಒಂದು ಮನೆಯ ಕಥೆನಾ? ಅಲ್ಲ. ಈ ಲೆಕ್ಕ ತಪ್ಪಿರೋದು ದೇಶದ ಮಟ್ಟದಲ್ಲಿ. ಕೇಂದ್ರ ಸರ್ಕಾರ 2019ರಲ್ಲಿ ಒಂದು ಸಮೀಕ್ಷೆ ಮಾಡಿಸಿತು. ಭಾರತದ ಜನ ದಿನದ 24 ಗಂಟೆ ಹೇಗೆ ಕಳೀತಾರೆ ಅನ್ನೋ ಸಮೀಕ್ಷೆ. ಅದರ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ. ಹತ್ತಿರ ಹತ್ತಿರ ಐದು ಗಂಟೆ. ಮನೆಗೆಲಸ ಮಾಡೋ ಗಂಡಸರು ಕೊಡೋದು 97 ನಿಮಿಷ. ಇನ್ನು ಮಕ್ಕಳನ್ನ, ಮುದುಕರನ್ನ, ಕಾಯಿಲೆಯವರನ್ನ ನೋಡಿಕೊಳ್ಳೋ ಕೆಲಸ ಬೇರೆ. ಅದರಲ್ಲಿ ತೊಡಗಿರೋ ಹೆಂಗಸರು 134 ನಿಮಿಷ, ಗಂಡಸರು 76 ನಿಮಿಷ. ಇದರಲ್ಲಿ ಭಾನುವಾರ ಅಂತ ರಜೆ ಇಲ್ಲ, ಹಬ್ಬ ಬಂದ್ರೆ ಕೆಲಸ ಇನ್ನೂ ಜಾಸ್ತಿ, ನಿವೃತ್ತಿ ಅನ್ನೋದು ಇಲ್ಲವೇ ಇಲ್ಲ. ಯಜಮಾನರು ಮುಂದಿನ ವರ್ಷ ರಿಟೈರ್ ಆಗ್ತಾರೆ. ಯಜಮಾನ್ತಿ ಯಾವಾಗ ರಿಟೈರ್ ಆಗ್ತಾರೆ? ಯಾರಾದ್ರೂ ಕೇಳಿದ್ದೀವಾ?

2011ರ ಜನಗಣತಿಯಲ್ಲಿ ನಮ್ಮ ಮುಖ್ಯ ಕೆಲಸ ಮನೆಗೆಲಸ ಅಂತ ಹೇಳಿದ ಹೆಂಗಸರು ಸುಮಾರು 16 ಕೋಟಿ. ಹಾಗೆ ಹೇಳಿದ ಗಂಡಸರು 58 ಲಕ್ಷದಷ್ಟು. ಆ 16 ಕೋಟಿ ಜನರನ್ನ ನಮ್ಮ ಜನಗಣತಿ ಯಾವ ಗುಂಪಿಗೆ ಹಾಕುತ್ತೆ? ಕೆಲಸ ಮಾಡದವರ ಗುಂಪಿಗೆ. 2001ರ ಜನಗಣತಿಯಲ್ಲಿ ಗೃಹಿಣಿಯರನ್ನ ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆ ಸೇರಿಸಿ ಒಂದೇ ಗುಂಪು ಮಾಡಿದ್ರು. ಇದು ನಾನು ಆವೇಶದಲ್ಲಿ ಹೇಳ್ತಿರೋ ಮಾತಲ್ಲ. 2010ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಅವರು ಒಂದು ತೀರ್ಪಿನಲ್ಲಿ ಇದನ್ನೇ ಎತ್ತಿ ಹೇಳಿ ಆಕ್ಷೇಪಿಸಿದ್ದಾರೆ.

ಆ ತೀರ್ಪು ಯಾವುದು ಗೊತ್ತಾ? ಅಪಘಾತದಲ್ಲಿ ಸತ್ತುಹೋದ ಒಬ್ಬ ಗೃಹಿಣಿಯ ಪರಿಹಾರದ ಮೊಕದ್ದಮೆ. ಕೆಳಗಿನ ನ್ಯಾಯಮಂಡಳಿ ಈಕೆ ದುಡಿಯುತ್ತಿರಲಿಲ್ಲ ಅಂತ ಹೇಳಿ ಪರಿಹಾರವನ್ನ ಎರಡೂವರೆ ಲಕ್ಷಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟ್ ಅದನ್ನ 6 ಲಕ್ಷಕ್ಕೆ ಏರಿಸಿತು. ಅದಕ್ಕೂ ಹಿಂದೆ, 1989ರಲ್ಲಿ ಜಮ್ಶೆಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಎಷ್ಟೋ ಹೆಂಗಸರು ಮಕ್ಕಳು ಸತ್ತಿದ್ರು. ಆ ಮೊಕದ್ದಮೆಯಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್, ಮನೆ ನಡೆಸೋ ಹೆಂಗಸಿನ ಸೇವೆಗೆ ತಿಂಗಳಿಗೆ 3,000 ರೂಪಾಯಿಯಾದರೂ ಬೆಲೆ ಹಿಡೀಬೇಕು ಅಂತ ಹೇಳಿತು. 2021ರ ಜನವರಿಯಲ್ಲಿ ಇನ್ನೊಂದು ತೀರ್ಪು. ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಯ ದುಡಿಮೆ ಬಗ್ಗೆ ಅದರಲ್ಲಿ ವಿವರವಾಗಿ ಬರೆದರು. ನಾನು ಈಗ ಹೇಳಿದ 299 ನಿಮಿಷದ ಲೆಕ್ಕವೂ ಅದರಲ್ಲಿದೆ. ನಮ್ಮ ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಅಬ್ದುಲ್ ನಜೀರ್ ಅವರೂ ಆ ಪೀಠದಲ್ಲಿದ್ರು. ಅದೂ ಅಪಘಾತದ ಕೇಸೇ. ದೆಹಲಿಯಲ್ಲಿ ಗಾಡಿಯಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ ಇಬ್ಬರೂ ಸತ್ತಿದ್ರು.

ಗಮನಿಸಿದ್ರಾ? ಈ ದೇಶದಲ್ಲಿ ಗೃಹಿಣಿಯ ಕೆಲಸಕ್ಕೆ ರೂಪಾಯಿ ಲೆಕ್ಕದಲ್ಲಿ ಬೆಲೆ ಕಟ್ಟಿದ್ದು ಯಾವಾಗ? ಆಕೆ ಸತ್ತ ಮೇಲೆ. ಲಾರಿ ಗುದ್ದಿದ ಮೇಲೆ, ಬೆಂಕಿ ಬಿದ್ದ ಮೇಲೆ. ಬದುಕಿದ್ದಾಗ ಬ್ಯಾಂಕಿನ ಅರ್ಜಿಯಲ್ಲಿ 'ಏನಿಲ್ಲ'. ಸತ್ತ ಮೇಲೆ ಅದೇ ಗಂಡ, ಅದೇ ಮಕ್ಕಳು ಕೋರ್ಟಿಗೆ ಹೋಗಿ, ಸ್ವಾಮೀ, ಆಕೆ ಇಲ್ಲದೆ ಮನೆ ನಡೀತಿಲ್ಲ, ಆಕೆಯ ಕೆಲಸಕ್ಕೆ ಲಕ್ಷಾಂತರ ರೂಪಾಯಿ ಬೆಲೆ ಇತ್ತು ಅಂತ ಅರ್ಜಿ ಹಾಕ್ತಾರೆ. ಅರ್ಜಿಯಲ್ಲಿರೋದು ನಿಜ. ಆದ್ರೆ ಆ ನಿಜವನ್ನ ಆಕೆಯ ಕಿವಿಗೆ ಬೀಳೋ ಹಾಗೆ ಒಂದು ದಿನ ಹೇಳಿದ್ದಾರಾ?

ಇನ್ನೊಂದು ವಿಚಿತ್ರ ಕೇಳಿ. ಆಗ ಇದ್ದ ಮೋಟಾರು ವಾಹನ ಕಾಯ್ದೆಯ ಪಟ್ಟಿಯಲ್ಲಿ, ಸಂಪಾದನೆ ಇಲ್ಲದ ಹೆಂಡತಿ ಸತ್ತರೆ ಆಕೆಯ ಆದಾಯ ಅಂತ ಹಿಡೀಬೇಕಾಗಿದ್ದು ಗಂಡನ ಆದಾಯದ ಮೂರನೇ ಒಂದು ಭಾಗ. ಅಂದ್ರೆ ಆಫೀಸರ್ ಹೆಂಡತಿ ಮಾಡೋ ರೊಟ್ಟಿಗೆ ಒಂದು ಬೆಲೆ, ಜವಾನನ ಹೆಂಡತಿ ಮಾಡೋ ರೊಟ್ಟಿಗೆ ಇನ್ನೊಂದು ಬೆಲೆ. ಹಿಟ್ಟು ಒಂದೇ, ಒಲೆಯ ಶಾಖ ಒಂದೇ. ಆಕೆಯ ಬೆಲೆಯನ್ನ ಅಳೆಯೋಕೂ ಗಂಡನದೇ ಅಳತೆಗೋಲು.

ಈಗ ಕೆಲವರಿಗೆ ಸಿಟ್ಟು ಬರುತ್ತೆ ಅಂತ ನನಗೆ ಗೊತ್ತು. ಏನ್ರೀ, ತಾಯ್ತನಕ್ಕೆ ಬೆಲೆ ಕಟ್ಟೋಕೆ ಹೊರಟಿದ್ದೀರಾ? ಅನ್ನ ಹಾಕೋ ಕೈಗೆ ಸಂಬಳ ಕೊಡಿ ಅಂತೀರಾ? ನಮ್ಮ ಸಂಸ್ಕೃತಿಯಲ್ಲಿ ಹೆಣ್ಣನ್ನ ದೇವತೆ ಅಂತೀವಿ, ಅನ್ನಪೂರ್ಣೆ ಅಂತೀವಿ. ಹೌದು, ಅಂತೀವಿ. ಆದ್ರೆ ಆ ಅನ್ನಪೂರ್ಣೆ ಊಟಕ್ಕೆ ಕೂರೋದು ಎಷ್ಟನೆಯವಳಾಗಿ? ಎಲ್ಲರದ್ದೂ ಆದ ಮೇಲೆ. ಪಾತ್ರೆಯಲ್ಲಿ ಏನುಳಿದಿದೆ ಅಂತ ನೋಡಿಕೊಂಡು. ದೇವತೆ ಮಾಡಿದ್ರೆ ನಮಗೆ ಒಂದು ಅನುಕೂಲ ಇದೆ ನೋಡಿ. ದೇವತೆಗೆ ಸುಸ್ತಾಗೋದಿಲ್ಲ. ದೇವತೆ ರಜೆ ಕೇಳೋದಿಲ್ಲ. ದೇವತೆಗೆ ಬಿಎ ಮುಗಿಸಬೇಕು ಅಂತ ಆಸೆ ಇರೋದಿಲ್ಲ.

ಪ್ರೀತಿಗೆ ಬೆಲೆ ಕಟ್ಟೋಕಾಗಲ್ಲ ಅನ್ನೋದನ್ನ ನಾನೂ ಒಪ್ತೀನಿ. ಆದ್ರೆ ಬೆಲೆ ಕಟ್ಟೋಕಾಗಲ್ಲ ಅನ್ನೋದು ಬೇರೆ, ಬೆಲೆಯೇ ಇಲ್ಲ ಅನ್ನೋದು ಬೇರೆ. ನಾವು ಬಾಯಲ್ಲಿ ಮೊದಲನೇದು ಹೇಳ್ತೀವಿ, ಅರ್ಜಿಯಲ್ಲಿ ಎರಡನೇದು ಬರೀತೀವಿ.

'ನಾವು' ಅಂತ ಯಾಕೆ ಅಂದೆ? ಯಾಕಂದ್ರೆ ನಾನೂ ಬರೆದಿದ್ದೀನಿ. ಆ ಫೋನ್ ಬಂದ ರಾತ್ರಿ ಮನೆಗೆ ಹೋಗಿ ನನ್ನ ಮಗಳ ಶಾಲೆಯ ಪ್ರವೇಶ ಅರ್ಜಿಯ ನಕಲು ಹುಡುಕಿ ತೆಗೆದೆ. ಅದನ್ನ ತುಂಬಿಸಿದ್ದು ನಾನೇ, ಅಕ್ಷರ ನನ್ನದೇ. ತಂದೆಯ ಉದ್ಯೋಗ ಅನ್ನೋ ಕಡೆ 'ಪತ್ರಕರ್ತ' ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೀನಿ. ತಾಯಿಯ ಉದ್ಯೋಗ ಅನ್ನೋ ಕಡೆ ಒಂದು ಅಡ್ಡಗೆರೆ ಎಳೆದಿದ್ದೀನಿ. 'ಏನಿಲ್ಲ' ಅಂತ ಬರೆಯೋಷ್ಟು ವ್ಯವಧಾನವೂ ನನಗಿರಲಿಲ್ಲ. ಒಂದು ಗೆರೆ, ಅಷ್ಟೇ. ನನ್ನ ಹೆಂಡತಿ ಆ ಅರ್ಜಿಯನ್ನ ನೋಡಿರ್ತಾಳೆ. ಕೆಳಗೆ ಸಹಿ ಇದೆ. ಅವಳು ನನ್ನನ್ನ ಏನೂ ಕೇಳಿರಲಿಲ್ಲ.

ಮರುದಿನ ಊರಿಗೆ, ನಮ್ಮಮ್ಮನಿಗೆ ಫೋನ್ ಮಾಡಿದೆ. ಅಮ್ಮಾ, ನಿನಗೆ ಶಾಲೇಲಿ ಯಾವ ವಿಷಯ ಇಷ್ಟ ಇತ್ತು ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಯಾಕೋ, ಹುಷಾರಾಗಿದ್ದೀಯಾ?" ಅಂದ್ರು. ಆಮೇಲೆ ನಿಧಾನವಾಗಿ ಹೇಳಿದ್ರು: "ಲೆಕ್ಕ ಕಣೋ. ಲೆಕ್ಕದಲ್ಲಿ ನಾನೇ ಫಸ್ಟು. ಮೇಷ್ಟ್ರು ಬೋರ್ಡಿಗೆ ಕರೆಸಿ ನನ್ನ ಕೈಲೇ ಮಾಡಿಸೋರು." ಆಮೇಲೆ ಹತ್ತು ನಿಮಿಷ ಮಾತಾಡಿದ್ರು. ಮೇಷ್ಟ್ರ ಬಗ್ಗೆ, ಗೆಳತಿಯರ ಬಗ್ಗೆ, ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಿದ್ದರ ಬಗ್ಗೆ. ಹಾಲಿನ ಲೆಕ್ಕ, ಚೀಟಿ ಲೆಕ್ಕ, ನಮ್ಮ ಫೀಸಿನ ಲೆಕ್ಕ ಎಲ್ಲವನ್ನೂ ಬಾಯಲ್ಲೇ ಹಾಕೋ ಹೆಂಗಸು ಯಾಕೆ ಹಾಗೆ ಅಂತ ನನಗೆ ಅರ್ಥವಾಗಿದ್ದು ಅವತ್ತು. ಜಗತ್ತಿಗೆಲ್ಲ ಪ್ರಶ್ನೆ ಕೇಳಿದವನು ನಾನು. ನನ್ನ ತಾಯಿಗೆ ಈ ಒಂದು ಪ್ರಶ್ನೆ ಕೇಳೋಕೆ ಇಷ್ಟು ವರ್ಷ ಬೇಕಾಯ್ತು.

ಇರಲಿ. ಈಗ ತಾಯಂದಿರಿಗೆ, ಅಕ್ಕಂದಿರಿಗೆ ಕೆಲವು ಮಾತು ಹೇಳ್ತೀನಿ. ಮನೆ ಬಿಟ್ಟು ಬನ್ನಿ, ಎಲ್ಲರೂ ನೌಕರಿಗೆ ಹೋಗಿ ಅಂತ ನಾನು ಹೇಳ್ತಿಲ್ಲ. ಹೋಗೋದು ಬಿಡೋದು ನಿಮ್ಮಿಷ್ಟ. ಆದ್ರೆ ಕಾಗದದ ಮೇಲೆ ನೀವು ಯಾರು ಅನ್ನೋದು ನಿಮಗೆ ಗೊತ್ತಿರಬೇಕು.

ಒಂದು, ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅನ್ನೋ ಕಾನೂನು ಈ ದೇಶದಲ್ಲಿ ಇಲ್ಲ. ಅದು ಪದ್ಧತಿ, ಅಷ್ಟೇ. ಹುಟ್ಟಿದ ಹೆಸರನ್ನೇ ಇಟ್ಟುಕೊಳ್ಳೋ ಹಕ್ಕು ನಿಮಗಿದೆ.

ಎರಡು, 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥರು ಯಾರು? 18 ವರ್ಷ ದಾಟಿದ, ಮನೆಯ ಹಿರಿಯ ಹೆಂಗಸು. ಗಂಡ ಅಲ್ಲ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆ ಕೊಟ್ಟ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರೋದು ಆ ಯಜಮಾನಿಯ ಹೆಸರಿಗೆ. ಆ ಯೋಜನೆ ಸರಿಯೋ ತಪ್ಪೋ ಅಂತ ರಾಜಕೀಯದವರು ಜಗಳ ಆಡಲಿ. ನಾನು ಗಮನಿಸಿದ್ದು ಬೇರೆ. ಆ ಅರ್ಜಿ ಹಾಕೋಕೆ ಸಾಲಿನಲ್ಲಿ ನಿಂತ ಎಷ್ಟೋ ಹೆಂಗಸರಿಗೆ, ಸರ್ಕಾರದ ಕಾಗದದಲ್ಲಿ ಮನೆಯ ಯಜಮಾನಿ ನಾನೇ ಅನ್ನೋದು ಗೊತ್ತಾಗಿದ್ದೇ ಅವತ್ತು.

ಮೂರು, ಆಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ ಹಿಂದೂ ಹೆಂಗಸಿಗೆ ಸೇರಿದ ಆಸ್ತಿಗೆ ಸಾಮಾನ್ಯವಾಗಿ ಆಕೆಯೇ ಪೂರ್ಣ ಒಡತಿ. ತವರಿನ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಡೋ ತಿದ್ದುಪಡಿ ದೇಶಕ್ಕೆಲ್ಲ ಬಂದಿದ್ದು 2005ರಲ್ಲಿ. ಅವತ್ತು ಮದುವೆಯಾಗದ ಹೆಣ್ಣುಮಕ್ಕಳಿಗೆ ನಮ್ಮ ಕರ್ನಾಟಕ ಅದನ್ನ 1994ರಲ್ಲೇ ಜಾರಿಗೆ ತಂದಿತ್ತು.

ನಾಲ್ಕು, ಮಕ್ಕಳು. ಕಾನೂನಿನಲ್ಲಿ ಅಪ್ರಾಪ್ತ ಮಗುವಿನ ಸಹಜ ಪೋಷಕರು ತಂದೆ, ಅವನ ನಂತರ ತಾಯಿ ಅಂತ ಬರೆದಿದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಲ್ಲಿ ಬಾಂಡ್ ಕೊಳ್ಳೋಕೆ ಹೋದಾಗ ತಂದೆಯ ಸಹಿ ಕೇಳಿದ್ರು. ಅವರು ಸುಪ್ರೀಂ ಕೋರ್ಟಿಗೆ ಹೋದ್ರು. 1999ರಲ್ಲಿ ಕೋರ್ಟ್ ಹೇಳಿತು: 'ನಂತರ' ಅಂದ್ರೆ ತಂದೆ ಸತ್ತ ನಂತರ ಅಂತ ಮಾತ್ರ ಅರ್ಥ ಅಲ್ಲ, ತಂದೆ ಬದುಕಿದ್ದಾಗಲೂ ಸಂದರ್ಭಕ್ಕೆ ತಕ್ಕಂತೆ ತಾಯಿಯೂ ಪೋಷಕಿ ಆಗಬಹುದು. ಒಂದೇ ಒಂದು ಪದದ ಅರ್ಥಕ್ಕಾಗಿ ಒಬ್ಬ ತಾಯಿ ದೇಶದ ದೊಡ್ಡ ಕೋರ್ಟಿನವರೆಗೆ ಹೋದ್ರು. ಪದ ಅಂದ್ರೆ ಸಣ್ಣದಲ್ಲ.

ಇನ್ನು ಓದು. 1996ರಲ್ಲಿ ಮೈಸೂರಿನಲ್ಲಿ ಶುರುವಾದ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇರೋದೇ ಅರ್ಧಕ್ಕೆ ಓದು ನಿಲ್ಲಿಸಿದವರಿಗಾಗಿ. ಮನೇಲೇ ಓದಿ ಪರೀಕ್ಷೆ ಬರೀಬಹುದು.

ಗದಗದ ಆ ತಾಯಿಯ ಕಥೆ ಇನ್ನೂ ಮುಗಿದಿಲ್ಲ. ಬ್ಯಾಂಕಿನಿಂದ ಬಂದ ರಾತ್ರಿ ಅವರು ಟ್ರಂಕ್ ತೆಗೆದ್ರು. ಅಡೀಲಿದ್ದ ಪಿಯುಸಿ ಅಂಕಪಟ್ಟಿ ತೆಗೆದ್ರು. ಅದರಲ್ಲಿ ನದಿಯ ಹೆಸರು. ಎಲ್ಲರೂ ಮಲಗಿದ್ರಂತೆ. "ನನ್ನ ಹೆಸರು ನಾನ ಒಂದ್ಸಲ ಜೋರಿಲೆ ಓದಿದ್ನಿರೀ. ನನ್ನ ದನಿ ನನಗ ಬ್ಯಾರೆ ಯಾರದೋ ಅನಿಸ್ತು" ಅಂದ್ರು. ಮರುದಿನ ಬೆಂಗಳೂರಿನಲ್ಲಿರೋ ಮಗಳಿಗೆ ಫೋನ್ ಮಾಡಿ, ನಾನು ಬಿಎ ಮುಗಿಸಬೇಕು ಅಂದ್ರು. ಮಗಳು ಇಂಜಿನಿಯರ್. "ಈ ವಯಸ್ಸಿನಾಗ ಯಾಕಬೇ, ಆರಾಮ ಇರು" ಅಂದಳಂತೆ. ಅವಳ ಇಂಜಿನಿಯರಿಂಗ್ ಫೀಸಿಗೆ ಇವರು ತಮ್ಮ ಪಾಟ್ಲಿ ಮಾರಿದ್ರು. ಅದನ್ನ ಇವರು ಮಗಳಿಗೆ ನೆನಪಿಸಲಿಲ್ಲ. "ಆರಾಮ ಇದ್ದು ಸಾಕಾಗೇತಿ" ಅಂತಷ್ಟೇ ಅಂದು ಫೋನ್ ಇಟ್ಟರು.

ದೂರಶಿಕ್ಷಣ ಕೇಂದ್ರಕ್ಕೆ ಒಬ್ಬರೇ ಹೋದ್ರು. ಅಲ್ಲಿನ ಗುಮಾಸ್ತರು ಕಾಗದ ನೋಡಿ, ಅಂಕಪಟ್ಟೀಲಿ ಒಂದು ಹೆಸರಿದೆ, ಆಧಾರ್‌ನಲ್ಲಿ ಇನ್ನೊಂದಿದೆ, ಇವರಿಬ್ಬರೂ ಒಬ್ಬರೇ ಅನ್ನೋದಕ್ಕೆ ಅಫಿಡವಿಟ್ ತನ್ನಿ ಅಂದ್ರಂತೆ. ಯೋಚನೆ ಮಾಡಿ. 52 ವರ್ಷದ ಹೆಂಗಸು, ನಾನು ನಾನೇ ಅಂತ ಪ್ರಮಾಣ ಮಾಡಿ ಹೇಳಬೇಕು.

ಅಫಿಡವಿಟ್ ಮಾಡಿಸೋಕೆ ಗಂಡನೂ ಜೊತೆಗೆ ಬಂದ್ರು. ಕೋರ್ಟಿನ ಮುಂದೆ ಟೈಪ್ ಮಾಡೋರ ಹತ್ತಿರ ಕೂತ್ರು. ಟೈಪ್ ಮಾಡೋರು ಕೇಳಿದ್ರು: ಹೆಸರು? ಎರಡೂ ಹೇಳಿದ್ರು. ಕೋಂ? ಹೇಳಿದ್ರು. ವಯಸ್ಸು? ಹೇಳಿದ್ರು. ಉದ್ಯೋಗ?

ಗಂಡ ಪಕ್ಕದಲ್ಲೇ ಇದ್ರು. ಇವರು ಅವರ ಕಡೆ ನೋಡಲಿಲ್ಲ. "ಏನ್ ಬರೀಲ್ರೀ ಅಮ್ಮಾರ?" ಅಂತ ಟೈಪ್ ಮಾಡೋರು ಮತ್ತೆ ಕೇಳಿ, ಉತ್ತರಕ್ಕೆ ಕಾಯದೆ ಅವರೇ ಹೇಳಿದ್ರಂತೆ: "ನಮ್ಮ ಕಡೆ ಖರೀದಿ ಪತ್ರ, ವಾಟ್ನಿ ಪತ್ರದಾಗೆಲ್ಲ ಮೊದಲಿಂದ 'ಉದ್ಯೋಗ: ಮನೆಗೆಲಸ' ಅಂತ ಬರೀತೀವ್ರೀ. ಹಂಗ ಹಾಕ್ಲಿ?"

ನಾನು ಫೋನಿನಲ್ಲಿ ಇದನ್ನ ಕೇಳಿ ಸುಮ್ಮನಾದೆ. ನೋಡಿ, ನಮ್ಮ ಹಳೇ ಪತ್ರ ಬರಹಗಾರರಿಗೆ ಗೊತ್ತಿತ್ತು. ಜನಗಣತಿಗೆ ಗೊತ್ತಾಗಲಿಲ್ಲ, ಬ್ಯಾಂಕಿನ ಹುಡುಗನಿಗೆ ಗೊತ್ತಾಗಲಿಲ್ಲ, ಟಿವಿ ಸ್ಟುಡಿಯೋದಲ್ಲಿ ಕೂರೋ ನನಗೆ ಗೊತ್ತಾಗಲಿಲ್ಲ. ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಕೂತು ಟೈಪ್ ಮಾಡೋರಿಗೆ ಗೊತ್ತಿತ್ತು. ಅದು ಉದ್ಯೋಗ. ಅದಕ್ಕೊಂದು ಹೆಸರಿದೆ.

"ಹಾಕ್ರಿ" ಅಂದ್ರಂತೆ ಇವರು. "ಮನೆಗೆಲಸ ಅಂತ ಹಾಕ್ರಿ. ಮುಂದ ವಿದ್ಯಾರ್ಥಿನಿ ಅಂತನೂ ಹಾಕ್ರಿ."

ಗಂಡ ಏನಂದ್ರು ಅಂತ ಕೇಳಿದೆ. "ಏನೂ ಅನ್ನಲಿಲ್ರೀ. ಬರೋವಾಗ ಹಳೇ ಹೆಸರು ಒಮ್ಮೆ ಕೇಳಿದ್ರು, ಸರಿಯಾಗಿ ನೆನಪಿರಲಿಲ್ಲಂತ ಅವರಿಗೆ. ನಾ ಹೇಳಿದ್ನಿ."

ತಾಯೀ, ನೀವು ನನಗೆ ಒಂದು ಪ್ರಶ್ನೆ ಕೇಳಿದ್ರಿ. 'ಏನಿಲ್ಲ' ಅಂತ ಬರೆದಿರೋ ಕಡೆ ಏನಂತ ಸಹಿ ಮಾಡಬೇಕು ಅಂತ. ಉತ್ತರ ನನ್ನ ಹತ್ತಿರ ಇರಲಿಲ್ಲ, ನೀವೇ ಹುಡುಕಿಕೊಂಡ್ರಿ. ಸಹಿ ಮಾಡೋಕೆ ಮುಂಚೆ ಮೇಲೆ ಬರೆದಿರೋದನ್ನ ತಿದ್ದಿಸಬೇಕು.

ಇನ್ನು ನಾವು, ಗಂಡಸರು. ನಾಳೆ ಒಂದು ಕೆಲಸ ಮಾಡೋಣ. ಮನೇಲಿ ಹಳೇ ಅರ್ಜಿ, ಪಾಸ್‌ಬುಕ್, ಮಕ್ಕಳ ಶಾಲೆಯ ಕಾಗದ ತೆಗೆದು ನೋಡೋಣ. ಹೆಂಡತಿಯ ಹೆಸರಿನ ಮುಂದೆ ನಾವು ಏನು ಬರೆದಿದ್ದೀವಿ? ನಾನು ನನ್ನದನ್ನ ನೋಡಿದೆ. ಹೊಸ ವರ್ಷದ ಅರ್ಜಿ ಮೊನ್ನೆ ಮನೆಗೆ ಬಂತು. ಈ ಸಲ ಅದನ್ನ ನಾನು ತುಂಬಿಸಲಿಲ್ಲ. ಅವಳ ಮುಂದಿಟ್ಟು ಪೆನ್ ಕೊಟ್ಟೆ. ಅವಳ ಉದ್ಯೋಗ ಏನು ಅನ್ನೋದನ್ನ ಅವಳೇ ಬರೀಲಿ.